ಗ್ರಾಮಸಭೆಗೂ ಬನ್ನಿ: ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ವರದಿಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವರದಿಗಾರ ಮಿತ್ರರೇ,

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಹೀಗೆ ಆರೂ ತಾಲ್ಲೂಕುಗಳಲ್ಲಿ ದಿನಪತ್ರಿಕೆಗಳಿಗೆ ಸುದ್ದಿ ಬರೆಯುವ ನಿಮಗೆಲ್ಲ ಈ ಕಾಗದದಲ್ಲಿ ನನ್ನದು ಒಂದೇ ಕೋರಿಕೆ. ನಿಮ್ಮ ತಾಲ್ಲೂಕಿನ ಯಾವುದಾದರೂ ಒಂದು ಗ್ರಾಮ ಪಂಚಾಯಿತಿಯ ಗ್ರಾಮಸಭೆಗೆ ಬನ್ನಿ. ದೀಪ ಹಚ್ಚಿ ಫೋಟೊ ತೆಗೆದ ಮೇಲೆ ಎದ್ದು ಹೋಗಬೇಡಿ, ಕೊನೆಯವರೆಗೂ ಕೂತಿರಿ. ಜನ ಏನು ಕೇಳಿದರು, ಯಾವ ಅಧಿಕಾರಿ ಏನು ಉತ್ತರ ಕೊಟ್ಟರು, ಎಷ್ಟು ದಿನದಲ್ಲಿ ಮಾಡಿಕೊಡುತ್ತೇವೆ ಅಂದರು ಎಂಬುದನ್ನು ಬರೆಯಿರಿ. ಮುಂದಿನ ಸಭೆಗೂ ಬಂದು, ಹಿಂದಿನ ಮಾತು ಏನಾಯಿತು ಅಂತ ಇನ್ನೊಂದು ಸಲ ಬರೆಯಿರಿ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರದಲ್ಲಿ ಪೇಪರ್ ಏಜೆಂಟ್. ನಸುಕಿನಲ್ಲಿ ಬಂಡಲ್ ಇಳಿಸಿಕೊಂಡು, ಪುರವಣಿ ಸೇರಿಸಿ, ಹುಡುಗರ ಕೈಗೆ ಹಂಚಿ, ಮಿಕ್ಕಿದ್ದನ್ನು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಇಟ್ಟುಕೊಂಡು ಕೂರುತ್ತೇನೆ. ಮಾರುವ ಪೇಪರನ್ನು ಓದುವ ಚಟ ಮೊದಲಿನಿಂದಲೂ ಇದೆ. ಜನ ಪೇಪರನ್ನು ಹೇಗೆ ಓದುತ್ತಾರೆ ಎಂಬುದನ್ನು ನೋಡುವ ಅವಕಾಶ ನಿಮಗಿಂತ ನನಗೆ ಹೆಚ್ಚು. ಟೀ ಹಿಡಿದು ನಿಂತವರು ಮೊದಲು ತಿರುವುವುದು ಜಿಲ್ಲಾ ಪುಟವನ್ನು. ದೆಹಲಿಯದ್ದು, ಬೆಂಗಳೂರಿನದ್ದು ರಾತ್ರಿಯೇ ಟಿವಿಯಲ್ಲಿ, ಮೊಬೈಲಿನಲ್ಲಿ ಮುಗಿದಿರುತ್ತದೆ. ಬೆಳಿಗ್ಗೆ ಬೇಕಾಗಿರುವುದು ಬೇರೆ. ಯಾರು ತೀರಿಕೊಂಡರು, ಶೇಂಗಾ ಕ್ವಿಂಟಲ್‌ಗೆ ಎಷ್ಟಾಯಿತು, ಈರುಳ್ಳಿ ಯಾಕೆ ಬಿತ್ತು, ಇವತ್ತು ಯಾವ ಫೀಡರ್‌ನಲ್ಲಿ ಕರೆಂಟ್ ಇರುವುದಿಲ್ಲ, ರಾತ್ರಿ ಗುಡುಗಿದ ಮಳೆ ಯಾವ ಊರಿಗೆ ಬಿತ್ತು, ಯಾವ ಊರನ್ನು ಬಿಟ್ಟಿತು. ಒಬ್ಬರು ಜೋರಾಗಿ ಓದಿದರೆ ಉಳಿದವರು ಮಾತು ಸೇರಿಸುತ್ತಾರೆ. ಆಂಧ್ರದ ಗಡಿ ಹತ್ತಿರವಿರುವುದರಿಂದ ಅರ್ಧ ಮಾತು ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ನಡೆಯುತ್ತದೆ. ಆ ಹತ್ತು ನಿಮಿಷ ಊರು ತನ್ನ ವಿಷಯವನ್ನು ತಾನೇ ಮಾತಾಡಿಕೊಳ್ಳುತ್ತದೆ. ಆ ಮಾತಿಗೆ ಸರಕು ಕೊಡುವವರು ನೀವು. ನಿಮ್ಮ ಕೆಲಸವನ್ನು ನಾನು ದೊಡ್ಡದು ಎಂದೇ ತಿಳಿದಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿರುವುದು.

ಈಗ ಜಿಲ್ಲಾ ಪುಟದಲ್ಲಿ ಏನಿರುತ್ತದೆ ನೋಡಿ. ಶಾಸಕರು ಕರೆ ನೀಡಿದರು. ತಹಶೀಲ್ದಾರರು ಸಲಹೆ ನೀಡಿದರು. ಬಿಇಒ ಅಭಿಪ್ರಾಯಪಟ್ಟರು. ಸ್ವಾಮೀಜಿಯವರು ಆಶೀರ್ವಚನ ನೀಡಿದರು. ಕೆಳಗೆ ವೇದಿಕೆಯಲ್ಲಿದ್ದವರ ಹೆಸರುಗಳ ಉದ್ದ ಸಾಲು. ಪುಟದ ಮುಕ್ಕಾಲು ಭಾಗ ವೇದಿಕೆಯ ಮೇಲಿನಿಂದ ಬಂದದ್ದು. ಎದುರಿಗೆ ಕೂತಿದ್ದವರು ಏನಾದರೂ ಅಂದರೆ ಅದು ಸುದ್ದಿಯಾಗಬೇಕಾದರೆ ಅವರು ರಸ್ತೆಯಲ್ಲಿ ಕೂತು ಧರಣಿ ಮಾಡಬೇಕು, ಟೈರ್ ಸುಡಬೇಕು, ಇಲ್ಲವೇ ಸಾಯಬೇಕು. ಇದು ಕಟುವಾಗಿ ಕೇಳಿಸಬಹುದು. ಆದರೆ ಕೌಂಟರಿನ ಈ ಕಡೆ ಕೂತು ದಿನವೂ ಪುಟ ತಿರುವುವವನಿಗೆ ಹೀಗೇ ಕಾಣುತ್ತದೆ.

ಒಂದು ಗ್ರಾಮಸಭೆಯ ವಿಷಯ ಹೇಳುತ್ತೇನೆ. ಪಂಚಾಯಿತಿಯ ಹೆಸರು ಬೇಡ, ಎಲ್ಲ ಕಡೆಯೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಪಂಚಾಯಿತಿ ಕಚೇರಿ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಮೇಜಿನ ಹಿಂದೆ ಅಧ್ಯಕ್ಷರು, ಪಿಡಿಒ, ನೋಡಲ್ ಅಧಿಕಾರಿ, ಕೃಷಿ, ತೋಟಗಾರಿಕೆ, ಪಶು ಇಲಾಖೆಯವರು, ಬೆಸ್ಕಾಂನಿಂದ ಒಬ್ಬರು. ಸ್ವಾಗತ, ಹಾರ, ಇಲಾಖೆಗಳ ಯೋಜನೆಯ ವಿವರಣೆ. ಅಷ್ಟು ಹೊತ್ತಿಗೆ ಊಟದ ಸಮಯ. ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಮುಂದೆ ಬಂದು ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇಟ್ಟಳು. ತಳದಲ್ಲಿ ಬೆಳ್ಳಗೆ ಗಸಿ ಕೂತಿತ್ತು. "ಇದನ್ನ ನೀವು ಒಂದು ಲೋಟ ಕುಡೀರಿ ಸಾರ್, ಆಮೇಲೆ ಮಾತಾಡನ" ಅಂದಳು. ಅವರ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಯುಗಾದಿ ಕಳೆದಿತ್ತು. ಬೋರ್‌ವೆಲ್ ನೀರೇ ಗತಿ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ, ಮಂಡಿ ಹಿಡಿದುಕೊಂಡ ಜನ ನಮ್ಮ ಕಡೆ ಎಷ್ಟಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪಿಡಿಒ ಉತ್ತರ ಕೊಟ್ಟರು: ನಿರ್ವಹಣೆ ಏಜೆನ್ಸಿಯದ್ದು, ಏಜೆನ್ಸಿಯವರು ಫೋನ್ ಎತ್ತುತ್ತಿಲ್ಲ, ಮೇಲಿನವರಿಗೆ ಪತ್ರ ಬರೆದಿದ್ದೇವೆ, ಹದಿನೈದು ದಿನದಲ್ಲಿ ಸರಿ ಮಾಡಿಸುತ್ತೇವೆ. ಆಕೆ ಕೂರಲಿಲ್ಲ. "ಯಾವತ್ತಿನ ಹದಿನೈದು ದಿನ?" ಅಂದಳು. ಅಧಿಕಾರಿ ಒಂದು ತಾರೀಕು ಹೇಳಿದರು. ಇಡೀ ಶಾಮಿಯಾನ ಕೇಳಿಸಿಕೊಂಡಿತು.

ಮಾರನೆಯ ದಿನ ಪೇಪರಿನಲ್ಲಿ ಆ ಸಭೆಯ ಸುದ್ದಿ ಬಂತು, ಫೋಟೊ ಸಮೇತ. ಸರ್ಕಾರಿ ಸೌಲಭ್ಯ ಸದ್ಬಳಕೆ ಮಾಡಿಕೊಳ್ಳಲು ಗ್ರಾಮಸ್ಥರಿಗೆ ಕರೆ ಅಂತ ತಲೆಬರಹ. ಬಾಟಲಿ ಇಲ್ಲ, ಆಕೆ ಇಲ್ಲ, ತಾರೀಕು ಇಲ್ಲ. ಆ ತಾರೀಕು ಅಚ್ಚಾಗಿದ್ದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರು ಹತ್ತು ಜನ ನನ್ನ ಅಂಗಡಿಯ ಮುಂದೆಯೇ ಇದ್ದರು. ಅಧಿಕಾರಿಗೂ ತಾನು ಆಡಿದ ಮಾತು ಜಿಲ್ಲಾ ಕೇಂದ್ರದಲ್ಲಿ ಯಾರಾದರೂ ಓದುತ್ತಾರೆ ಎಂಬ ಎಚ್ಚರ ಇರುತ್ತಿತ್ತು. ಆಡಿದ ಮಾತು ಗಾಳಿಗೆ ಹೋಯಿತು. ಘಟಕ ಆಮೇಲೆ ಸರಿಯಾಯಿತು, ಆದರೆ ಆ ತಾರೀಕಿಗಲ್ಲ. ಅಲ್ಲಿಯವರೆಗೆ ಆ ಊರಿನವರು ಪಕ್ಕದ ಊರಿಂದ ಆಟೋದಲ್ಲಿ ಕ್ಯಾನ್ ತುಂಬಿಸಿ ತಂದರು.

ಹಳ್ಳಿಗೆ ಅಧಿಕಾರ ಕೊಡುವ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಇತಿಹಾಸ ಇದೆ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳೆಯ ಜನ ಇವತ್ತಿಗೂ ನೀರ್ ಸಾಬ್ ಅನ್ನುತ್ತಾರೆ, ಬೋರ್‌ವೆಲ್ ಕೊರೆಸಿ ಹಳ್ಳಿಗಳಿಗೆ ನೀರು ಕೊಟ್ಟಿದ್ದಕ್ಕೆ. ಅದೇ ಮನುಷ್ಯ 1983ರ ಪಂಚಾಯಿತಿ ಕಾಯ್ದೆಯ ಹಿಂದೆ ನಿಂತು, ಅಧಿಕಾರ ಜಿಲ್ಲೆಗೆ, ಮಂಡಲಕ್ಕೆ ಇಳಿಯಬೇಕು ಅಂತ ಹೋರಾಡಿದರು. ದೇಶಕ್ಕೆಲ್ಲ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಈಗಿರುವ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಹಾಜರಿರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆದು, ಮನೆ ಯಾರಿಗೆ, ಕಾಮಗಾರಿ ಯಾವುದು ಅಂತ ಪಟ್ಟಿ ಅಲ್ಲಿಂದ ಬರಬೇಕು. ಮಕ್ಕಳಿಗೂ ವರ್ಷಕ್ಕೊಂದು ಗ್ರಾಮಸಭೆ ಇದೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅಂತ ಏಳನೇ ಕ್ಲಾಸಿನ ಹುಡುಗಿ ಎದ್ದು ಹೇಳುವುದು ಅಲ್ಲೇ.

ಇದೆಲ್ಲ ಇದ್ದೂ ಎಷ್ಟೋ ಕಡೆ ಕೋರಂ ಇಲ್ಲ ಅಂತ ಸಭೆ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಹಾಜರಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಜನಕ್ಕೆ ಆಸಕ್ತಿ ಇಲ್ಲ ಅನ್ನುವುದು ಅಧಿಕಾರಿಗಳ ಉತ್ತರ. ನಾನು ಒಪ್ಪುವುದಿಲ್ಲ. ಕೂಲಿ ಬಿಟ್ಟು ಬಂದು ಕೇಳಿದ ಪ್ರಶ್ನೆಗೆ ಆರು ತಿಂಗಳಾದ ಮೇಲೂ ಅದೇ ಉತ್ತರ ಸಿಕ್ಕಿದರೆ ಮೂರನೇ ಸಲ ಯಾರು ಬರುತ್ತಾರೆ? ಕೇಳಿದ್ದು ಎಲ್ಲಾದರೂ ದಾಖಲಾಗುತ್ತದೆ, ನಾಲ್ಕು ಜನ ಓದುತ್ತಾರೆ ಅಂತ ಗೊತ್ತಾದರೆ ಬರುತ್ತಾರೆ. ನಡಾವಳಿ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿರುತ್ತದೆ. ಜನರ ಕೈಗೆ ಸಿಗುವ ದಾಖಲೆ ಅಂದರೆ ನಿಮ್ಮ ಪುಟ.

ಗೊಲ್ಲರಹಟ್ಟಿಗಳ ವಿಷಯವನ್ನು ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಎತ್ತುತ್ತಿದ್ದೇನೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಹೆತ್ತ ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕಾದ ಪದ್ಧತಿ ನಮ್ಮ ಜಿಲ್ಲೆಯಲ್ಲಿ, ಪಕ್ಕದ ತುಮಕೂರು ಜಿಲ್ಲೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯಲ್ಲಿ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ಸತ್ತಿತು. ಆಗ ಟಿವಿಯವರೆಲ್ಲ ಬಂದರು, ನ್ಯಾಯಾಧೀಶರು ಬಂದರು, ರಾಜ್ಯವೆಲ್ಲ ಮಾತಾಡಿತು. ವಾರ ಕಳೆಯಿತು, ಎಲ್ಲರೂ ಹೋದರು. ಆ ಹಟ್ಟಿಗಳಲ್ಲಿ ಇದನ್ನು ಬಿಡಬೇಕು ಅನ್ನುವ ಹೆಣ್ಣುಮಕ್ಕಳಿದ್ದಾರೆ, ಓದಿದ ಹುಡುಗರಿದ್ದಾರೆ, ಹಿರಿಯರ ಎದುರು ನಿಂತು ಹೆಂಡತಿ ಮಗುವನ್ನು ಒಳಗೇ ಇಟ್ಟುಕೊಂಡವರಿದ್ದಾರೆ. ದೇವರು ಮುನಿಯುತ್ತದೆ ಅಂತ ನಿಜವಾಗಿ ಹೆದರುವ ಅಜ್ಜಿಯರೂ ಇದ್ದಾರೆ. ಇವರ ನಡುವೆ ಮಾತುಕತೆ ದಿನವೂ ನಡೆಯುತ್ತಿದೆ. ಅದು ಯಾವ ಪೇಪರಿನಲ್ಲೂ ಬರುವುದಿಲ್ಲ. ಹಟ್ಟಿಯವರನ್ನು ಮೂಢರು ಅಂತ ಬೈಯುವ ಸುದ್ದಿ ಬರುತ್ತದೆ, ಅಧಿಕಾರಿಗಳು ಅರಿವು ಮೂಡಿಸಿದ ಸುದ್ದಿ ಬರುತ್ತದೆ. ಸರ್ಕಾರದವರು ಕೆಲವು ಹಟ್ಟಿಗಳ ಹತ್ತಿರ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿದ್ದಾರೆ. ಅದು ಹೆಣ್ಣುಮಕ್ಕಳಿಗೆ ನೆರಳೋ ಅಥವಾ ಹೊರಗಿಡುವುದಕ್ಕೆ ಪಕ್ಕಾ ಗೋಡೆಯೋ ಅಂತ ಅವರನ್ನೇ ಕೇಳಿ ಬರೆದ ಒಂದು ವರದಿ ನನ್ನ ಅಂಗಡಿಗೆ ಬಂದ ಪೇಪರುಗಳಲ್ಲಿ ನಾನು ಕಂಡಿಲ್ಲ. ನಿಮ್ಮಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ ಇರುವುದೂ ಇದಕ್ಕೆ ಕಾರಣ. ನಿಮ್ಮ ಸಂಪಾದಕರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಅದೇ ವರ್ಷ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಜಿಲ್ಲಾ ಕೇಂದ್ರದ ಮಗ್ಗುಲಲ್ಲೇ ಇರುವ ಜಾಗ. ಅಲ್ಲಿ ಕೊಳವೆ, ಟ್ಯಾಂಕ್, ಚರಂಡಿ ಹೇಗಿದ್ದವು ಅಂತ ಅಲ್ಲಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದದ್ದು ಮೊದಲೇ ಅಚ್ಚಾಗಿ, ಓದುವವರ ಕಣ್ಣಿಗೆ ಬಿದ್ದು, ಅಧಿಕಾರಿಯ ಮೇಜಿಗೆ ಬರುವ ದಾರಿ ಇರಬೇಕು. ಆ ದಾರಿಯಲ್ಲಿ ನಿಂತಿರುವವರು ನೀವು.

ಅಮೃತ ಮಹಲ್ ಕಾವಲಿನ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ತಾಲ್ಲೂಕಿನವರಿಗೆ ಇನ್ನೂ ಆರದ ಗಾಯ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆ, ದೊಡ್ಡಉಳ್ಳಾರ್ತಿ, ಕುದಾಪುರ, ವರವು ಸೀಮೆಯಲ್ಲಿ, 2010ರ ಆಸುಪಾಸಿನಲ್ಲಿ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು. ದೇಶಕ್ಕೆ ಇವೆಲ್ಲ ಬೇಕಿರಬಹುದು, ಆ ವಾದ ನಾನು ಮಾಡುತ್ತಿಲ್ಲ. ನನ್ನ ಸಂಕಟ ಬೇರೆ. ಸುತ್ತಲಿನ ಹಳ್ಳಿಗಳಲ್ಲಿ ಬಹಳ ಜನಕ್ಕೆ ವಿಷಯ ತಿಳಿದದ್ದು ಗೋಡೆ, ಬೇಲಿ ಎದ್ದ ಮೇಲೆ. ಕುರಿ ಹೊಡೆದುಕೊಂಡು ಹೋದವನು ದಾರಿ ಕಟ್ಟಿದ್ದನ್ನು ನೋಡಿ ವಾಪಸ್ ಬಂದು ಊರಲ್ಲಿ ಹೇಳಿದ ಸುದ್ದಿ ಅದು. ಆಮೇಲೆ ಈ ವಿವಾದ ಹಸಿರು ನ್ಯಾಯಮಂಡಳಿಗೆ ಹೋದದ್ದು, 2014ರಲ್ಲಿ ತೀರ್ಪು ಬಂದದ್ದು ಎಲ್ಲ ನಿಮಗೆ ಗೊತ್ತು. ಆ ಗೋಡೆಯ ಬಗ್ಗೆ ಪರ ವಿರೋಧ ಎರಡೂ ಮಾತು ಗೋಡೆ ಏಳುವ ಮೊದಲು ನಡೆಯಬೇಕಿತ್ತು, ಊರುಗಳ ಒಳಗೆ, ಗ್ರಾಮಸಭೆಯಲ್ಲಿ, ಪೇಪರಿನಲ್ಲಿ.

ಕಾವಲು ಹೋದರೆ ಏನು ಹೋಗುತ್ತದೆ ಅನ್ನುವುದನ್ನು ಬೆಂಗಳೂರಿನ ವರದಿಗಾರ ಬಂದು ಒಂದು ದಿನ ನೋಡಿ ಬರೆಯುವುದಕ್ಕೆ ಆಗುವುದಿಲ್ಲ. ಕುರುಬರ ಮಗ್ಗದಲ್ಲಿ ನೇಯುವ ಕಂಬಳಿ ಆ ಹುಲ್ಲಿನಿಂದ ಬಂದದ್ದು. ಮ್ಯಾಸಬೇಡರ ದೇವರ ಎತ್ತುಗಳು ಮೇಯುವುದು ಅದೇ ಸೀಮೆಯಲ್ಲಿ. ಉಳುಮೆಗೆ ಹೂಡದ, ಮಾರದ, ಗೂಡುಕಟ್ಟಿ ದೇವರೆಂದು ಸಾಕುವ ಆ ದನಗಳನ್ನು ಕಾಯುವುದಕ್ಕೇ ಕಿಲಾರಿ ಅಂತ ಇರುತ್ತಾನೆ. ಬರಗಾಲದಲ್ಲಿ ಅವುಗಳಿಗೆ ಮೇವಿಲ್ಲ ಅಂತ ನಿಮ್ಮಲ್ಲಿ ಯಾರಾದರೂ ನಾಲ್ಕು ಸಾಲು ಬರೆದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲೆಲ್ಲಿಂದಲೋ ಹುಲ್ಲಿನ ಟ್ರ್ಯಾಕ್ಟರ್ ಬರುತ್ತವೆ. ಜಾತಿ, ಊರು ಯಾವುದೂ ಕೇಳದೆ ಜನ ಕೊಡುತ್ತಾರೆ. ಒಮ್ಮೆ ಹೊಳಲ್ಕೆರೆ ಕಡೆಯಿಂದ ಲೋಡು ತಂದ ರೈತನೊಬ್ಬ ನನ್ನ ಅಂಗಡಿಯಲ್ಲಿ ದಾರಿ ಕೇಳಿದ. ಜೇಬಿನಲ್ಲಿ ಮಡಿಸಿಟ್ಟ ಜಿಲ್ಲಾ ಪುಟ ತೆಗೆದು, ಕಿಲಾರಿಯ ಫೋಟೊ ತೋರಿಸಿ, ಈ ಅಪ್ಪನ ಹತ್ತಿರ ಹೋಗಬೇಕು ಅಂದ. ನಿಮ್ಮ ಬರವಣಿಗೆಗೆ ಇರುವ ಶಕ್ತಿ ಇದು.

ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ನೀವೆಲ್ಲ ಎಷ್ಟು ಚೆನ್ನಾಗಿ ಬರೆದಿರಿ! 1933ರಲ್ಲಿ ಬಿದ್ದ ಮೇಲೆ 89 ವರ್ಷಕ್ಕೆ. ಅವತ್ತು ನನ್ನ ಬಂಡಲ್ ಎಂಟು ಗಂಟೆಗೇ ಖಾಲಿ. ಜಲಾಶಯವಿರುವ ಮಾರಿಕಣಿವೆಗೆ ಬಾಗಿನ ಬಿಡಲು ಟ್ರ್ಯಾಕ್ಟರ್‌ಗಳಲ್ಲಿ ಜನ ಹೋದರು. ಹಿರಿಯೂರಿನ ಪುಟದಲ್ಲಿ ಹಬ್ಬ. ಅದೇ ಹೊತ್ತಿನಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಜಮೀನು, ತೋಟಗಳಿಗೆ ನುಗ್ಗಿ ಅಲ್ಲಿಯವರು ಕಣ್ಣೀರು ಹಾಕುತ್ತಿದ್ದರು. ಅದು ಹೊಸದುರ್ಗದ ಸುದ್ದಿಯಾಗಿ ಬೇರೆ ಮೂಲೆಯಲ್ಲಿ ಬಂತು. ಒಂದೇ ನೀರು, ಎರಡು ತಾಲ್ಲೂಕು. ಬಾಗಿನ ಬಿಟ್ಟವನಿಗೆ ತೋಟ ಮುಳುಗಿದವನ ಮಾತು ಕೇಳಿಸಬೇಕಿತ್ತು, ಮೇಲಿನವನಿಗೂ ಕೆಳಗಿನ ಅಚ್ಚುಕಟ್ಟಿನ ರೈತ ಎಷ್ಟು ವರ್ಷ ಒಣ ನಾಲೆ ನೋಡಿಕೊಂಡು ಕೂತಿದ್ದ ಅಂತ ತಿಳಿಯಬೇಕಿತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಲಿ ಅಂತ ನಾವೆಲ್ಲ ಒಟ್ಟಿಗೆ ಕೂಗುತ್ತೇವೆ. ಬಂದ ಮೇಲೆ ಯಾವ ಕೆರೆಗೆ ಮೊದಲು, ಯಾವ ಬೆಳೆಗೆ ಎಷ್ಟು, ಎತ್ತರದ ಊರಿಗೆ ಹೇಗೆ ಅನ್ನುವ ಜಗಳಗಳು ಬರುತ್ತವೆ. ಆ ಮಾತನ್ನು ಈಗಲೇ ಶುರು ಮಾಡಿಸಿ. ಇಬ್ಬರು ವರದಿಗಾರರು, ಎರಡು ತಾಲ್ಲೂಕಿನವರು, ಜೊತೆಗೆ ಓಡಾಡಿ ಒಂದೇ ವರದಿ ಬರೆದರೆ ಎಷ್ಟು ಚೆನ್ನ.

ಜಾತ್ರೆಗಳ ಸುದ್ದಿಯೂ ಹೀಗೇ ಆಗಿದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದ ಮರುದಿನ ಎಲ್ಲ ಪೇಪರಿನಲ್ಲೂ ಮುಕ್ತಿ ಬಾವುಟ ಎಷ್ಟು ಲಕ್ಷಕ್ಕೆ ಹರಾಜಾಯಿತು, ಯಾರು ಹಿಡಿದರು ಅನ್ನುವುದು. ಅದು ಇರಲಿ. ಆದರೆ ತಿಪ್ಪೇರುದ್ರಸ್ವಾಮಿ ನಮ್ಮ ಜನರ ನೆನಪಿನಲ್ಲಿರುವುದು ಕೆರೆ ಕಟ್ಟಿಸಿದ, ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟ ಸಂತ ಅಂತ. ಜಾತ್ರೆ ವಾರದಲ್ಲಿ ಆ ಸೀಮೆಯ ಕೆರೆಗಳ ಏರಿ, ತೂಬು, ಹೂಳು, ಒತ್ತುವರಿ ಹೇಗಿದೆ ಅಂತ ಒಂದು ಅರ್ಧ ಪುಟ ಬಂದರೆ ಭಕ್ತರು ಅದನ್ನೂ ಕಣ್ಣಿಗೊತ್ತಿಕೊಂಡು ಓದುತ್ತಾರೆ. ಗೌರಸಮುದ್ರ ಮಾರಮ್ಮನ ಜಾತ್ರೆಗೆ ಆಂಧ್ರದಿಂದಲೂ ಜನ ಬರುತ್ತಾರೆ. ಅವರು ಎಲ್ಲಿ ಮಲಗುತ್ತಾರೆ, ಏನು ಕುಡಿಯುತ್ತಾರೆ, ಹೆಣ್ಣುಮಕ್ಕಳು ಬಯಲಿಗೆ ಎಲ್ಲಿಗೆ ಹೋಗುತ್ತಾರೆ ಅನ್ನುವುದೂ ಜಾತ್ರೆಯ ಸುದ್ದಿಯೇ.

ಯಲಗಟ್ಟೆ ಗೊಲ್ಲರಹಟ್ಟಿಯ ಹಾಡುಗಾರ್ತಿ ಸಿರಿಯಜ್ಜಿಯನ್ನು ನೆನೆಸಿಕೊಳ್ಳುತ್ತೇನೆ. ಅಕ್ಷರ ಕಲಿಯದ ಆ ತಾಯಿಯ ಬಾಯಲ್ಲಿ ಕಾಡುಗೊಲ್ಲರ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಬಂದು ಕೂತು ಕೇಳಿ ಬರೆದುಕೊಂಡಿದ್ದರಿಂದ ಅವು ಪುಸ್ತಕವಾಗಿ ಉಳಿದವು. ಆಕೆಯ ಹಾಗೆ ಹಾಡುವವರು, ಕೋಲಾಟ ಕಟ್ಟುವವರು, ಉರುಮೆ ಬಾರಿಸುವವರು, ಬಯಲಾಟದ ಭಾಗವತರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರ ಹೆಸರು ಪೇಪರಿನಲ್ಲಿ ಬರುವುದು ರಾಜ್ಯೋತ್ಸವ ಪ್ರಶಸ್ತಿ ಬಂದಾಗ, ಇಲ್ಲವೇ ನಿಧನದ ಕಾಲಂನಲ್ಲಿ. ಬದುಕಿದ್ದಾಗ ಒಂದು ಸಂಜೆ ಹೋಗಿ ಕೂರಿ. ಮಾಸಾಶನ ಬರುತ್ತಿದೆಯೇ ಕೇಳಿ. ಮೊಮ್ಮಕ್ಕಳಲ್ಲಿ ಯಾರು ಕಲಿತಿದ್ದಾರೆ ಕೇಳಿ. ಅವರ ಮಾತನ್ನು ಅವರ ಬಾಯಿಂದ ಬಂದ ಹಾಗೇ ಬರೆಯಿರಿ, ತಿದ್ದಬೇಡಿ. ಓದುವವರಿಗೆ ಅರ್ಥವಾಗುತ್ತದೆ, ಅದು ಅವರದ್ದೇ ಮಾತು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತ ತಿಳಿಯಬೇಡಿ. ನಿಮ್ಮಲ್ಲಿ ಬಹಳ ಮಂದಿಗೆ ಸಂಬಳ ಅಂತ ಇಲ್ಲ, ಗೌರವಧನ ಪೆಟ್ರೋಲಿಗೂ ಸಾಲದು. ಜಾತ್ರೆ ವಿಶೇಷ, ಹಬ್ಬದ ವಿಶೇಷ, ನಾಯಕರ ಹುಟ್ಟುಹಬ್ಬ ಅಂತ ಜಾಹೀರಾತು ತರುವ ಭಾರ ನಿಮ್ಮ ತಲೆ ಮೇಲೆ. ಬೆಳಿಗ್ಗೆ ಯಾರ ಹತ್ತಿರ ಜಾಹೀರಾತಿಗೆ ಕೈಯೊಡ್ಡಿದಿರೋ ಸಂಜೆ ಅವರ ಕಾಮಗಾರಿಯ ಬಗ್ಗೆ ಬರೆಯುವುದು ಹೇಗೆ? ಬರೆದರೆ ಮನೆ ಬಾಗಿಲಿಗೆ ಜನ ಬರುತ್ತಾರೆ, ಕೇಸು ಹಾಕುತ್ತೇವೆ ಅನ್ನುತ್ತಾರೆ. ಅದೇ ಊರಲ್ಲಿ ಮಗಳ ಮದುವೆ ಮಾಡಬೇಕು, ಅದೇ ಬ್ಯಾಂಕಿನಲ್ಲಿ ಸಾಲ ಕೇಳಬೇಕು. ಪಾಠ ಮಾಡಿಕೊಂಡು, ಅಂಗಡಿ ನಡೆಸಿಕೊಂಡು, ಜಮೀನು ನೋಡಿಕೊಂಡು ಸುದ್ದಿ ಕಳಿಸುವವರು ನೀವು. ಪತ್ರಿಕೆಗಳ ಆಡಳಿತದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ತಾಲ್ಲೂಕು ವರದಿಗಾರನಿಗೆ ಬದುಕುವಷ್ಟು ಕೊಡಿ, ಜಾಹೀರಾತಿನ ಕೆಲಸವನ್ನು ಬೇರೆಯವರಿಗೆ ವಹಿಸಿ. ನನ್ನ ಚಂದಾದಾರರು ನಾಲ್ಕು ಕಾಸು ಹೆಚ್ಚು ಕೊಡುವುದಕ್ಕೆ ತಯಾರಿದ್ದಾರೆ, ಅವರ ಊರು ಪೇಪರಿನಲ್ಲಿ ಕಂಡರೆ.

ಗ್ರಾಮಸಭೆಯಿಂದಲೇ ಶುರು ಮಾಡಿ ಅಂತ ನಾನು ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ನೀವು ಯಾರ ಮೇಲೂ ಆರೋಪ ಮಾಡಬೇಕಾಗಿಲ್ಲ, ಗುಟ್ಟಾಗಿ ದಾಖಲೆ ತೆಗೆಸಬೇಕಾಗಿಲ್ಲ. ಕಾನೂನು ಪ್ರಕಾರ ಕರೆದ ಸಭೆ, ನೂರು ಜನರ ಎದುರು ಆಡಿದ ಮಾತು. ಕೇಳಿದ್ದು ಇದು, ಹೇಳಿದ್ದು ಇದು, ತಾರೀಕು ಇದು. ಬರೆದದ್ದಕ್ಕೆ ಇಡೀ ಸಭೆ ಸಾಕ್ಷಿ. ಒಬ್ಬರೇ ಹೋಗಲು ಅಳುಕಿದ್ದರೆ ಬೇರೆ ಪತ್ರಿಕೆಯ ಗೆಳೆಯರನ್ನು ಕರೆದುಕೊಂಡು ಬನ್ನಿ, ಒಂದೇ ದಿನ ಎಲ್ಲರಲ್ಲೂ ಬರಲಿ.

ಊರಿನಲ್ಲಿ ಮಾತಿಗೇನೂ ಬರವಿಲ್ಲ. ನೀವು ಕೊಡದಿದ್ದರೆ ಜನ ಮೊಬೈಲಿನಲ್ಲಿ ಬಂದದ್ದನ್ನು ಮಾತಾಡುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಹರಡಿದ ಸುಳ್ಳು ಏನು ಮಾಡಿತು ನೆನಪಿದೆಯೇ? ಬೀದರ್ ಜಿಲ್ಲೆಯ ಮುರ್ಕಿಯ ಹತ್ತಿರ, ಮಕ್ಕಳಿಗೆ ಚಾಕೊಲೇಟು ಕೊಟ್ಟವರ ಜೊತೆಗಿದ್ದ ಹೈದರಾಬಾದಿನ ಯುವಕನನ್ನು ಜನ ಹೊಡೆದು ಕೊಂದರು. ನಮ್ಮ ಕಡೆಯೂ ಆ ದಿನಗಳಲ್ಲಿ ಕೂದಲು ವ್ಯಾಪಾರಕ್ಕೆ ಬಂದವರು, ಭಿಕ್ಷೆಗೆ ಬಂದವರು ಹೆದರಿ ಓಡಾಡಿದರು. ಅಂಥ ಹೊತ್ತಿನಲ್ಲಿ ಠಾಣೆಗೆ ಹೋಗಿ ವಿಚಾರಿಸಿ, ಊರಿಗೆ ಹೋಗಿ ನೋಡಿ, ಹೀಗೇನೂ ನಡೆದಿಲ್ಲ ಅಂತ ಹೆಸರು ಹಾಕಿ ಬರೆಯುವ ಒಬ್ಬ ಮನುಷ್ಯ ತಾಲ್ಲೂಕಿಗೆ ಬೇಕು. ಜನ ಅವನನ್ನು ನಂಬಬೇಕಾದರೆ ಅವನು ಮಾಮೂಲಿ ದಿನಗಳಲ್ಲೂ ಅವರ ನಡುವೆ ಕೂತವನಾಗಿರಬೇಕು.

ನಿಮ್ಮ ಕಸುಬಿನ ಮೊದಲನೆಯ ಪುಟವನ್ನೂ ಒಮ್ಮೆ ನೆನೆಸಿಕೊಳ್ಳಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಹೊರಡಿಸಿದಾಗ ಅದರಲ್ಲಿ ಸರ್ಕಾರದ ನಿರೂಪಗಳು, ದೂರದ ರಾಜ್ಯಗಳ ಸುದ್ದಿ, ಕಥೆಗಳು ಇದ್ದವು, ಊರ ವರ್ತಮಾನಕ್ಕೂ ಜಾಗ ಇತ್ತು. ಪ್ರತಿ ವರ್ಷ ಆ ದಿನ ನೀವು ಪತ್ರಿಕಾ ದಿನಾಚರಣೆ ಮಾಡುತ್ತೀರಿ, ಸನ್ಮಾನ ಇಟ್ಟುಕೊಳ್ಳುತ್ತೀರಿ. ಮುಂದಿನ ಜುಲೈಯಲ್ಲಿ ತಾಲ್ಲೂಕು ಸಂಘದ ಆ ಸಭೆಗೆ ಒಂದು ಕೆಲಸ ಸೇರಿಸಿಕೊಳ್ಳಿ. ವರ್ಷದಲ್ಲಿ ಯಾವ ಯಾವ ಪಂಚಾಯಿತಿಯ ಗ್ರಾಮಸಭೆಗೆ ಯಾರು ಹೋಗುವುದು ಅಂತ ನಿಮ್ಮೊಳಗೇ ಹಂಚಿಕೊಳ್ಳಿ. ಹೋಬಳಿಗೆ ಒಂದಾದರೂ ಸಾಕು ಮೊದಲ ವರ್ಷಕ್ಕೆ.

ನನ್ನ ಕಡೆಯಿಂದ ಏನು ಮಾಡಬಹುದೋ ಮಾಡುತ್ತೇನೆ. ನಮ್ಮ ಹೋಬಳಿಯ ಪಂಚಾಯಿತಿಗಳಲ್ಲಿ ಸಭೆಯ ಡಂಗುರ ಸಾರಿದ ದಿನವೇ ನಿಮಗೆ ಫೋನ್ ಮಾಡಿ ತಿಳಿಸುತ್ತೇನೆ. ಬಸ್ ಇಳಿದ ಜಾಗದಿಂದ ಸಭೆಗೆ ಕರೆದುಕೊಂಡು ಹೋಗಲು ನನ್ನ ಪೇಪರ್ ಹುಡುಗರಿದ್ದಾರೆ, ಊಟ ನಮ್ಮ ಮನೆಯಲ್ಲಿ. ವರದಿ ಅಚ್ಚಾದ ದಿನ ಆ ಪುಟವನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೂ, ಹಾಲಿನ ಡೇರಿ ಗೋಡೆಗೂ, ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಅಂಟಿಸುವ ಕೆಲಸ ನನ್ನದು. ಮುಂಗಾರಿನ ಬಿತ್ತನೆ ಮುಗಿದ ಮೇಲೆ ಇಲ್ಲಿ ಸಭೆಗಳು ಶುರುವಾಗುತ್ತವೆ. ಮೊದಲನೆಯದಕ್ಕೆ ನಿಮ್ಮಲ್ಲಿ ಯಾರು ಬರುತ್ತೀರಿ ಎಂದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪೇಪರ್ ಏಜೆಂಟ್, ಚಳ್ಳಕೆರೆ ತಾಲ್ಲೂಕು